ಕ್ಲಚ್ಚಿಲ್ಲದ ಅಂಬಾಸಡರೂ ನಂಜಗೌಡರ ಕಲ್ಲೂ

ಕೀಳ್ ಕೋತಗಿರಿಯ ಇಳಿಜಾರಿನ ಹಟ್ಟಿಯೊಂದರಲ್ಲಿ ಮೊದಲು ಕಾರು ಕೊಂಡವರು ನಂಜಗೌಡರು. ಮೊದಲು ಕಾರು ಓಡಿಸಿದವಳು ಅವರ ಹೆಂಡತಿ ರಂಗಿ. ಕಾರು ಒಂದೇ. ಕೊಂಡವರು ಯಾಕೆ ಓಡಿಸಲಿಲ್ಲ ಎಂದು ಹೊಸಬರು ಕೇಳಿದರೆ ಹಟ್ಟಿಯವರು ಇಂದಿಗೂ ನಗುತ್ತಾರೆ. ನಂಜಗೌಡರೂ ನಗುತ್ತಾರೆ, ಆದರೆ ಸ್ವಲ್ಪ ತಡವಾಗಿ.

ಅದು ತೊಂಬತ್ತೇಳನೆಯ ಇಸವಿ, ಚಹಾದ ಹಸಿರೆಲೆಗೆ ಒಳ್ಳೆಯ ಬೆಲೆಯಿದ್ದ ಕಾಲ. ಮೇಲಿನ ಎಸ್ಟೇಟಿನ ಮ್ಯಾನೇಜರು ಊರು ಬಿಟ್ಟು ಹೋಗುವಾಗ ತಮ್ಮ ಬಿಳಿ ಅಂಬಾಸಡರನ್ನು ಮಾರಿ ಹೋದರು. ಜಪಾನಿನ ಇಂಜಿನ್ ಕೂರಿಸಿದ, ನಾಲ್ಕು ವರ್ಷ ಓಡಿದ ಗಾಡಿ. ನಂಜಗೌಡರು ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಎಸ್ಟೇಟಿನ ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಂಡತಿ ಮತ್ತು ಎಂಟು ವರ್ಷದ ಮಗ ಸಂತೋಷ್‌ಕುಮಾರನನ್ನು ಹಿಂದೆ ಕೂರಿಸಿಕೊಂಡು, ಹಟ್ಟಿಯವರೆಲ್ಲ ನೋಡುತ್ತಿರುವಾಗ ಹೊರಟರು. ಮೊದಲನೆಯ ತಿರುವು ದಾಟಿತು. ಎರಡನೆಯದು ದಾಟಿತು. ಮೂರನೆಯ ತಿರುವಿನಲ್ಲಿ ಗೌಡರು ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಬೆಳಗಿನ ಉಪ್ಪಿಟ್ಟನ್ನು ರಸ್ತೆಗೆ ಒಪ್ಪಿಸಿದರು. ಮದುವೆಯಾಗಿ ಹತ್ತು ವರ್ಷವಾದರೂ ಗಂಡನಿಗೆ ಗಾಡಿ ಹತ್ತಿದರೆ ತಲೆ ಸುತ್ತುತ್ತದೆಂದು ರಂಗಿಗೆ ಗೊತ್ತೇ ಇರಲಿಲ್ಲ. ಎಲ್ಲಿಗೆ ಹೋದರೂ ಅವರು ನಡೆದೇ ಹೋಗುತ್ತಿದ್ದರು. ಕೇಳಿದರೆ ನಡೆಯುವುದು ಮೈಗೆ ಒಳ್ಳೆಯದು ಎನ್ನುತ್ತಿದ್ದರು.

ನಡುರಸ್ತೆಯಲ್ಲಿ ಗಾಡಿ ಬಿಟ್ಟು ಬರುವಂತಿರಲಿಲ್ಲ. ಡ್ರೈವರು ನಗುತ್ತ, ಅಕ್ಕ, ನೀವಾದರೂ ಹಿಡಿಯಿರಿ ಎಂದ. ಅವನು ಹೇಳಿದ್ದು ತಮಾಷೆಗೆ. ರಂಗಿ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮುಂದೆ ಬಂದು ಕೂತಳು. ಒಂದು ತಿಂಗಳಲ್ಲಿ ಕಲಿತಳು, ಮೂರು ತಿಂಗಳಲ್ಲಿ ಲೈಸೆನ್ಸು ತಂದಳು.

ಆಮೇಲೊಂದು ಸೋಜಿಗ ನಡೆಯಿತು. ರಂಗಿ ಓಡಿಸುವಾಗ ಪಕ್ಕದಲ್ಲಿ ಕೂತರೆ ನಂಜಗೌಡರಿಗೆ ತಲೆ ಸುತ್ತುತ್ತಿರಲಿಲ್ಲ. ಅದರಲ್ಲಿ ಮಂತ್ರ ಮಾಟ ಏನೂ ಇರಲಿಲ್ಲ. ಗೇರು ಬದಲಿಸುವಾಗ ಗಂಡನ ತಲೆ ಮುಂದಕ್ಕೆ ವಾಲಿತೋ ಇಲ್ಲವೋ ಎಂದು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ವಾಲಿದರೆ ಕ್ಲಚ್ಚು ಬಿಟ್ಟದ್ದು ಒರಟಾಯಿತು ಎಂದು ಲೆಕ್ಕ. ಬೇರೆಯವರು ಇಂಜಿನ್ನಿನ ಸದ್ದು ಕೇಳಿ ಗಾಡಿ ಓಡಿಸಿದರೆ ಇವಳು ಗಂಡನ ತಲೆ ನೋಡಿ ಓಡಿಸಿದಳು. ಹಾಗೆ ಕಲಿತ ಕೈ ಕಾಲು ಎಷ್ಟು ಮೆತ್ತಗಾಯಿತೆಂದರೆ, ಸುತ್ತಲಿನ ಏಳು ಹಟ್ಟಿಗಳಲ್ಲಿ ಮದುಮಗಳನ್ನು ಕರೆತರಲು ರಂಗಿಯ ಕಾರೇ ಬೇಕು ಎನ್ನುವಂತಾಯಿತು. ಹಸಿ ಬಾಣಂತಿಯರು, ಮೂಳೆ ಮುರಿದವರು, ಕಣ್ಣಿನ ಆಪರೇಷನ್ ಆದ ಮುದುಕರು, ಎಲ್ಲರೂ ಅವಳ ಹಿಂದಿನ ಸೀಟಿನಲ್ಲಿ ಮಲಗಿ ಮನೆಗೆ ಬಂದವರೇ. ಮದುಮಗಳು ಕಾರಿನಿಂದ ಇಳಿದ ಕೂಡಲೇ ರಂಗಿಯ ಮುಂದೆ ತಲೆ ಬಾಗುತ್ತಿದ್ದಳು, ರಂಗಿ ತಲೆಯ ಮೇಲೆ ಕೈಯಿಟ್ಟು ಒಂದು ಸಾವಿರ ಆಗಲಿ ಎಂದು ಹರಸುತ್ತಿದ್ದಳು. ಡ್ರೈವರಿಗೆ ತಲೆ ಬಾಗುವ ಪದ್ಧತಿ ಬೇರೆಲ್ಲಿದೆಯೋ ನನಗೆ ತಿಳಿಯದು.

ಹಾಗಾದರೆ ಕಾರು ಕೊಂಡ ಯಜಮಾನರಿಗೆ ಕೆಲಸ ಏನು? ಕಲ್ಲಿಡುವುದು.

ಬೆಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಸಮನಾದ ರಸ್ತೆ ಎಂಬುದು ಶಾಲೆಯ ಪುಸ್ತಕದಲ್ಲಿ ಮಾತ್ರ ಇರುವುದು. ಹ್ಯಾಂಡ್‌ಬ್ರೇಕನ್ನು ಯಾರೂ ಎಳೆಯುವುದಿಲ್ಲ. ಮಂಜಿನ ತೇವದಲ್ಲಿ ಎಳೆದಿಟ್ಟರೆ ಬೆಳಿಗ್ಗೆ ಬ್ರೇಕಿನ ಲೈನರು ಡ್ರಮ್ಮಿಗೆ ಅಂಟಿ ಕೂತಿರುತ್ತದೆ, ಬಿಡಿಸಲು ಸುತ್ತಿಗೆ ಬೇಕು. ಅದಕ್ಕೇ ಮೂತಿ ಮೇಲಕ್ಕಿದ್ದರೆ ಮೊದಲನೆಯ ಗೇರು, ಮೂತಿ ಕೆಳಕ್ಕಿದ್ದರೆ ರಿವರ್ಸು. ಹಾಗೆ ಗೇರಿನಲ್ಲಿಟ್ಟು ಇಂಜಿನ್ ಆರಿಸಿದರೆ ಇಂಜಿನ್ನೇ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ನಂಬಿಕೆಗೆ ಚಕ್ರದಡಿಗೆ ಒಂದು ಕಲ್ಲು. ನಂಜಗೌಡರ ಕಲ್ಲು ಅವರ ಚಹಾ ತೋಟದ ಅಂಚಿನಲ್ಲೇ ಸಿಕ್ಕಿದ್ದು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಬೆಣೆಯ ಹಾಗೆ. ಇಪ್ಪತ್ತೇಳು ವರ್ಷ ಟೈರು ಒತ್ತಿ ಒತ್ತಿ ಅದರ ಬೆನ್ನು ನುಣ್ಣಗಾಗಿತ್ತು. ರಂಗಿ ಬ್ರೇಕು ತುಳಿದು ಕೂತಿರುತ್ತಿದ್ದಳು. ಗೌಡರು ಇಳಿದು, ಡಿಕ್ಕಿ ತೆರೆದು, ಕಲ್ಲು ತಂದಿಟ್ಟು, ಬಾನೆಟ್ಟನ್ನು ಒಮ್ಮೆ ತಟ್ಟಿ "ಆತು" ಎನ್ನುತ್ತಿದ್ದರು. ಆ ಮಾತು ಕೇಳಿದ ಮೇಲೆಯೇ ಅವಳು ಕಾಲು ಎತ್ತುತ್ತಿದ್ದಳು. ಹಟ್ಟಿಯ ತುಂಟರು ಅವರಿಗೆ ಕಲ್ಲುಗೌಡರು ಎಂದು ಹೆಸರಿಟ್ಟರು. ಗೌಡರು ಬೇಜಾರು ಮಾಡಿಕೊಳ್ಳಲಿಲ್ಲ. ಗಾಡಿ ಓಡಿಸಲು ಯಾರಿಗಾದರೂ ಬರುತ್ತದೆ, ನಿಲ್ಲಿಸುವುದು ಕಷ್ಟ ಎನ್ನುತ್ತಿದ್ದರು.

ಕಳೆದ ವರ್ಷ ಗೌಡರ ಎರಡು ಮೂತ್ರಪಿಂಡಗಳೂ ಕೈಕೊಟ್ಟವು. ವಾರಕ್ಕೆ ಎರಡು ಸಲ ಊಟಿಯ ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು. ಅದನ್ನು ತಪ್ಪಿಸಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ನೇರವಾಗಿಯೇ ಹೇಳಿದರು. ಹೋಗುವುದು ಎರಡು ಗಂಟೆ, ಬರುವುದು ಎರಡು ಗಂಟೆ. ರಂಗಿ ಇದ್ದಾಳಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು.

ಆದರೆ ರಂಗಿಯ ಎಡಮೊಣಕಾಲು ಆಗಲೇ ಮುಗಿದಿತ್ತು. ಅಂಬಾಸಡರಿನ ಕ್ಲಚ್ಚು ಒತ್ತುವುದೆಂದರೆ ಒನಕೆ ಹಿಡಿದು ಕುಟ್ಟಿದಷ್ಟೇ ಶ್ರಮ. ಇಪ್ಪತ್ತೇಳು ವರ್ಷ, ಒಂದೊಂದು ತಿರುವಿಗೆ ಮೂರು ಸಲ ಒತ್ತಿದ ಕಾಲು ಅದು. ಅವಳು ಯಾರಿಗೂ ಹೇಳದೆ ಎಣ್ಣೆ ಹಚ್ಚಿಕೊಂಡು, ಬಟ್ಟೆ ಕಟ್ಟಿಕೊಂಡು ತಳ್ಳಿದಳು. ಒಂದು ಮಂಗಳವಾರ ಕೋತಗಿರಿ ದಾಟಿದ ಮೇಲೆ ಏರುತಿರುವಿನಲ್ಲಿ ಕಾಲು ಒತ್ತಲೇ ಇಲ್ಲ. ಗಾಡಿ ಎರಡು ಸಲ ಎಗರಿ ಆರಿಹೋಯಿತು. ಹಿಂದೆ ಎಲೆ ತುಂಬಿದ ಲಾರಿ. ಪಕ್ಕದಲ್ಲಿ ಗಂಡನ ತಲೆ ಡ್ಯಾಷ್‌ಬೋರ್ಡಿಗೆ ತಾಗುವಷ್ಟು ಮುಂದೆ ಬಂದು ಹೋಯಿತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಈ ಕಾಲಿನಲ್ಲಿ ಇನ್ನು ಕ್ಲಚ್ಚು ಮುಟ್ಟಬೇಡಿ ಎಂದರು.

ಸಂತೋಷ್‌ಕುಮಾರ್ ಈಗ ಫ್ಯಾಕ್ಟರಿಗೆ ಎಲೆ ಸಾಗಿಸುವ ವ್ಯಾನು ಓಡಿಸುತ್ತಾನೆ, ಅದೇ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದಾನೆ. ಅವನು ರಜೆ ಹಾಕಿ ಅಪ್ಪನನ್ನು ಕರೆದೊಯ್ದ. ಅಪ್ಪ ಐದನೆಯ ತಿರುವಿನಲ್ಲಿ ಕಾರಿಕೊಂಡರು. ಗೌಡರ ಅಣ್ಣನ ಮಗನ ಹೊಸ ಕಾರಿನಲ್ಲಿ ಕಿಟಕಿ ಮುಚ್ಚಿದ ತಣ್ಣನೆಯ ಗಾಳಿ, ಪ್ಲಾಸ್ಟಿಕ್ಕಿನ ವಾಸನೆ. ಅದರಲ್ಲಿ ಕೋತಗಿರಿಯೂ ಮುಟ್ಟಲಿಲ್ಲ. ಬಸ್ಸಿನ ಕತೆ ಕೇಳುವುದೇ ಬೇಡ. ರಕ್ತ ತೊಳೆಸಿಕೊಂಡ ಮೈ ಹಸಿ ಗಿಡದಂತೆ, ಆಮೇಲೆ ಎರಡು ಗಂಟೆ ವಾಂತಿ ಮಾಡಿಕೊಂಡರೆ ಏನು ಉಳಿಯುತ್ತದೆ? ಮೂರನೆಯ ವಾರ ನಂಜಗೌಡರು ಜಗಲಿಯಲ್ಲಿ ಬಿಳಿ ಸೀಲೆ ಹೊದ್ದು ಕೂತು, ಯಾರ ಮುಖವನ್ನೂ ನೋಡದೆ ಹೇಳಿದರು:

"ಇನ್ನು ನಾ ಹೋಗೆ. ಎನಗ ಸಾಕು."

ಕೋಪದಲ್ಲಿ ಹೇಳಿದ್ದರೆ ರಂಗಿ ಬೈದು ಎಬ್ಬಿಸುತ್ತಿದ್ದಳು. ಅವರು ಹೇಳಿದ್ದು ತೋಟಕ್ಕೆ ಇವತ್ತು ಹೋಗುವುದಿಲ್ಲ ಎನ್ನುವಷ್ಟು ಸಾವಕಾಶವಾಗಿ. ಅವಳಿಗೆ ಹೆದರಿಕೆಯಾಯಿತು. ಗಂಡ ಬದುಕುವುದು ತನ್ನ ಎಡಗಾಲಿನ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತಾಯಿತು, ಆ ಕಾಲು ಕೆಲಸಕ್ಕೆ ಬಾರದೆಂದೂ ಗೊತ್ತಿತ್ತು.

ಮರುದಿನವೇ ಅವಳು ಮಗನ ವ್ಯಾನು ಹತ್ತಿ ಕೋತಗಿರಿಯ ಸುರೇಂದ್ರನ್ ವರ್ಕ್‌ಶಾಪಿಗೆ ಹೋದಳು. ಸುರೇಂದ್ರನ್ ಚೇರಂಬಾಡಿ ಕಡೆಯ ಮಲಯಾಳಿ. ಬಡಗ ಮಾತು, ತಮಿಳು, ಮಲಯಾಳ ಮೂರನ್ನೂ ಕಲಸಿ ಒಂದೇ ಉಂಡೆ ಮಾಡಿ ಆಡುವವನು, ರಂಗಿಯನ್ನು ಅಕ್ಕ ಎನ್ನುವ ಬದಲು ಚೇಚಿ ಎಂದು ಕರೆಯುವವನು. ಅವಳು ಸುತ್ತಿಬಳಸಲಿಲ್ಲ. ಕಾರು ಇದೇ ಇರಬೇಕು, ಓಡಿಸುವವಳು ನಾನೇ ಆಗಿರಬೇಕು, ಕ್ಲಚ್ಚು ಮಾತ್ರ ಇರಕೂಡದು, ಆಗುತ್ತದೋ ಇಲ್ಲವೋ ಹೇಳು ಎಂದಳು. ಸುರೇಂದ್ರನ್ ಮೊದಲು ನಕ್ಕ. ಆಮೇಲೆ ಬಾನೆಟ್ ತೆರೆದಿದ್ದ ಬೇರೆ ಗಾಡಿಯನ್ನು ಹಾಗೇ ಬಿಟ್ಟು ಫೋನು ಹಿಡಿದು ಕೂತ. ಇದೇ ಜಪಾನಿನ ಇಂಜಿನ್ನಿಗೆ ಹೊರದೇಶದಲ್ಲಿ ತಾನೇ ಗೇರು ಬದಲಿಸುವ ಬಾಕ್ಸು ಜೋಡಿಸಿ ಮಾರಿದ್ದರಂತೆ. ಅಂಥದೊಂದು ಹಳೆಯ ಆಟೋಮ್ಯಾಟಿಕ್ ಬಾಕ್ಸು ಕೊಯಮತ್ತೂರಿನ ಹಳೆ ಸಾಮಾನಿನ ಬಜಾರಿನಲ್ಲಿ, ಯಾರಿಗೂ ಬೇಡವಾಗಿ, ಗೋಣಿಯಡಿ ಬಿದ್ದಿತ್ತು.

ಐದು ವಾರದ ಕೆಲಸ. ಅಷ್ಟು ದಿನ ನಂಜಗೌಡರನ್ನು ಊಟಿಯಲ್ಲಿ ಅವರ ತಂಗಿಯ ಮನೆಯಲ್ಲಿ ಇರಿಸಿದರು. ಅಲ್ಲಿಂದ ಆಸ್ಪತ್ರೆಗೆ ನಡೆದೇ ಹೋಗಬಹುದು. ತಂಗಿಯ ಮೇಲಿನ ದಾಕ್ಷಿಣ್ಯಕ್ಕೆ ಗೌಡರು ಒಪ್ಪಿದರು. ಕಾರು ಸಿದ್ಧವಾಗದಿದ್ದರೆ ಹಟ್ಟಿಗೆ ಬಂದು ಜಗಲಿ ಹಿಡಿಯುತ್ತೇನೆ, ಆಮೇಲೆ ಯಾರೂ ಎಳೆದಾಡಬಾರದು ಎಂದು ಮಾತು ಪಡೆದುಕೊಂಡೇ ಒಪ್ಪಿದರು.

ರಂಗಿ ವಾರಕ್ಕೆರಡು ಸಲ ವರ್ಕ್‌ಶಾಪಿಗೆ ಹೋಗಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಹಳೆಯ ಗೇರ್‌ಬಾಕ್ಸು ಹೊರಬಂದ ದಿನ ಅವಳಿಗೆ ಕಣ್ಣು ತುಂಬಿತು. ಅದೊಂದು ಎಣ್ಣೆ ಮೆತ್ತಿದ ಕಬ್ಬಿಣದ ಗಂಟು, ಆದರೂ ತುಂಬಿತು. ಹೊಸದು ಅದಕ್ಕಿಂತ ದಪ್ಪ, ಅದಕ್ಕಾಗಿ ನೆಲದ ತಗಡನ್ನು ಕತ್ತರಿಸಿ ಎತ್ತರಿಸಿದರು. ಹಿಂದಿನ ಚಕ್ರಕ್ಕೆ ಹೋಗುವ ಉದ್ದದ ಶಾಫ್ಟನ್ನು ಗಿಡ್ಡ ಮಾಡಿದರು. ಬಾಕ್ಸಿನ ಎಣ್ಣೆ ತಣ್ಣಗಾಗಲೆಂದು ರೇಡಿಯೇಟರಿಗೆ ಎರಡು ಪೈಪು ಎಳೆದರು. ಕ್ಲಚ್ಚಿನ ಪೆಡಲು ಕಿತ್ತ ಜಾಗಕ್ಕೆ ರಬ್ಬರಿನ ತುಂಡು ಬಡಿದರು. ಮೊದಲ ಸಲ ಓಡಿಸಿದಾಗ ಬಾಕ್ಸು ಮುನಿಸಿಕೊಂಡ ಎಮ್ಮೆಯ ಹಾಗೆ ಒಂದೊಂದು ಗೇರಿಗೂ ಗುದ್ದುತ್ತಿತ್ತು. ರಂಗಿ ಇದು ಬೇಡ ಎಂದಳು. ಎಲ್ಲಾ ಸರಿಯಾಗೇ ಇದೆ ಚೇಚಿ, ಹಳೇ ಬಾಕ್ಸು ಸ್ವಲ್ಪ ಗುದ್ದುತ್ತದೆ ಎಂದ ಸುರೇಂದ್ರನ್. ಅವಳು ಸ್ಟೂಲಿನಿಂದ ಏಳಲಿಲ್ಲ. ಪಕ್ಕದ ಸೀಟಿನಲ್ಲಿ ನೀನು ಕೂತು ನಿನ್ನ ತಲೆ ನೋಡಿಕೋ, ಅದು ಅಲುಗಾಡದ ದಿನ ಗಾಡಿ ಕೊಡು ಎಂದಳು. ಆ ವಾರವೆಲ್ಲ ಅವನು ಆಕ್ಸಿಲರೇಟರಿನಿಂದ ಬಾಕ್ಸಿಗೆ ಹೋಗುವ ತಂತಿಯನ್ನು ಒಂದು ನೂಲು ಬಿಗಿ ಮಾಡಿ, ಅರ್ಧ ನೂಲು ಸಡಿಲ ಮಾಡಿ ಕಳೆದ. ಮನೆಯಲ್ಲಿ ಊಟಕ್ಕೆ ಕೂತಾಗಲೂ ತಲೆ ಅಲುಗುತ್ತದೋ ಎಂದು ನೋಡಿಕೊಳ್ಳುವಂತಾಗಿದೆ ಎಂದು ಅವನ ಹೆಂಡತಿ ದೂರಿದಳಂತೆ.

ಕಡೆಗೂ ಅದು ಮೆತ್ತಗಾಯಿತು. ಸಾರಿಗೆ ಕಚೇರಿಯವರು ಗಾಡಿ ನೋಡಿ, ಡಾಕ್ಟರ ಚೀಟಿ ನೋಡಿ, ಆರ್‌ಸಿಯಲ್ಲಿ ಬರೆದುಕೊಟ್ಟರು. ಗಾಡಿ ಒಪ್ಪಿಸುವ ದಿನ ಸುರೇಂದ್ರನ್ ಕೈ ಒರೆಸಿಕೊಂಡು ಗಂಭೀರವಾಗಿ ನಿಂತ.

"ಒಂದೇ ಮಾತು ಚೇಚಿ, ಇದನ್ನ ಮರೀಬೇಡಿ. ಹಳೇ ಬಾಕ್ಸಲ್ಲಿ ಗೇರು ಹಾಕಿ ಇಂಜಿನ್ ಆರಿಸಿದರೆ ಗಾಡಿ ನಿಲ್ಲುತ್ತಿತ್ತು. ಇದರಲ್ಲಿ ನಿಲ್ಲೋದಿಲ್ಲ. ಒಳಗೆ ಹಿಡಿದುಕೊಳ್ಳೋದು ಎಣ್ಣೆ. ಇಂಜಿನ್ ಆರಿದರೆ ಎಣ್ಣೆನೂ ಕೈಬಿಡುತ್ತೆ. ನಿಲ್ಲಿಸಬೇಕಾದರೆ ಪಿ. ಪಿ ಒಂದೇ."

ಹೊಸ ಗೇರುಕೋಲಿನ ಪಕ್ಕದಲ್ಲಿ ಅಕ್ಷರಗಳಿದ್ದವು. ಎಲ್ಲಕ್ಕಿಂತ ಮುಂದೆ ಪಿ, ಅದಕ್ಕೆ ಒಂದು ಹಲ್ಲು ಹಿಂದೆ ರಿವರ್ಸಿನ ಆರ್, ಆಮೇಲೆ ಉಳಿದವು. ಪಿಗೆ ತಳ್ಳಿದರೆ ಒಳಗೊಂದು ಕೊಕ್ಕೆ ಟಕ್ ಎಂದು ಬಿದ್ದು ಚಕ್ರ ಕಟ್ಟುತ್ತದೆ. ರಂಗಿ ನಾಲ್ಕು ಸಲ ಹಾಕಿ ತೆಗೆದು ತೋರಿಸಿದಳು. ಸುರೇಂದ್ರನ್ ಡಿಕ್ಕಿ ತೆರೆದು ಆ ಕಲ್ಲನ್ನು ಹೊರಗೆಳೆದು ಗೋಡೆಯ ಬುಡಕ್ಕೆ ಉರುಳಿಸಿದ. ಇದಕ್ಕಿನ್ನು ರಿಟೈರ್‌ಮೆಂಟು ಎಂದ. ರಂಗಿಯೂ ನಕ್ಕಳು. ಕಾರು ಗೆದ್ದ ಸಂಭ್ರಮದಲ್ಲಿ ಅವಳಿಗೆ ಆ ಕಲ್ಲು ಬರೀ ಕಲ್ಲಾಗಿಯೇ ಕಂಡಿತು.

ಎಡಗಾಲು ಮಾತ್ರ ಕೆಲವು ದಿನ ಇಲ್ಲದ ಪೆಡಲನ್ನು ಹುಡುಕಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಲಿತ ಗುಣವೂ ಅಷ್ಟೆ. ಅವಳು ಎಡಗಾಲಿನ ಚಪ್ಪಲಿ ಕಳಚಿ, ಕಾಲನ್ನು ಸೀಟಿನಡಿಗೆ ಮಡಚಿಟ್ಟು ಓಡಿಸಲು ಕಲಿತಳು. ಹತ್ತು ದಿನ ಖಾಲಿ ಗಾಡಿಯನ್ನು ಕೋತಗಿರಿಗೆ ಏರಿಸಿ ಇಳಿಸಿದಳು. ಇಳಿಜಾರಿನಲ್ಲಿ ಕೋಲನ್ನು ಎರಡನೆಯ ಗೇರಿಗೆ ಎಳೆದು ಇಂಜಿನ್ನಿನ ಹಿಡಿತದಲ್ಲೇ ಇಳಿಯುವುದು ಅಭ್ಯಾಸವಾಯಿತು. ಹನ್ನೊಂದನೆಯ ದಿನ ಊಟಿಗೆ ಹೋಗಿ ಗಂಡನನ್ನು ಹತ್ತಿಸಿಕೊಂಡಳು.

ಆ ದಿನದ ಪ್ರಯಾಣವನ್ನು ಅವಳು ಮರೆಯುವುದಿಲ್ಲ. ಮೊದಲ ತಿರುವಿನಲ್ಲಿ ಗೌಡರು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಬಾಕ್ಸು ತಾನಾಗಿ ಗೇರು ಬದಲಿಸಿತು. ರಂಗಿ ಓರೆಗಣ್ಣು ಹಾಯಿಸಿದಳು. ತಲೆ ಅಲುಗಲಿಲ್ಲ. ಹತ್ತು ತಿರುವು, ಇಪ್ಪತ್ತು ತಿರುವು. ಕೋತಗಿರಿ ಪೇಟೆ ಬಂದಾಗ ಗೌಡರು ಹಿಡಿ ಬಿಟ್ಟು, ಹಸಿವಾಗುತ್ತಿದೆ, ಎರಡು ವರ್ಕಿ ಬಿಸ್ಕತ್ತು ತಿನ್ನೋಣವೇ ಎಂದರು. ಗಾಡಿಯಲ್ಲಿ ಕೂತ ಗಂಡ ತಿನ್ನಲು ಕೇಳಿದ್ದು ಎಷ್ಟೋ ತಿಂಗಳಾಗಿತ್ತು. ರಂಗಿಗೆ ಹೋದ ಜೀವ ಬಂದಂತಾಯಿತು. ಅವಳು ಬೇಕರಿಯ ಮುಂದೆ ಗಾಡಿ ನಿಲ್ಲಿಸಿ ಎರಡಕ್ಕೆ ಬದಲು ಒಂದು ಪೊಟ್ಟಣವನ್ನೇ ಕಟ್ಟಿಸಿದಳು.

ಆದರೆ ಹಟ್ಟಿಯ ಮೇಲಿನ ರಸ್ತೆಯಲ್ಲಿ ಗಾಡಿ ನಿಂತಾಗ ಗೌಡರು ವಾಡಿಕೆಯಂತೆ ಮೊದಲು ಇಳಿದು ಡಿಕ್ಕಿಗೆ ಹೋದರು. ತೆರೆದು, ಒಳಗೆಲ್ಲ ಕೈಯಾಡಿಸಿ, ಅಲ್ಲೇ ನಿಂತರು.

"ಕಲ್ಲ ಎಲ್ಲಿ?"

ಇನ್ನು ಅದು ಬೇಡ, ಪಿ ಇದೆ ಎಂದು ರಂಗಿ ಕೋಲನ್ನು ತಳ್ಳಿ ತೋರಿಸಿದಳು. ಅವಳ ದನಿಯಲ್ಲಿ ಹೊಸ ಆಟಿಕೆ ಸಿಕ್ಕವರ ಹಿಗ್ಗಿತ್ತು. ಗೌಡರು ಬಗ್ಗಿ ಕೋಲನ್ನು ನೋಡಿದರು, ಅಕ್ಷರವನ್ನು ನೋಡಿದರು. ಒಳ್ಳೆಯದು ಎಂದರು. ಡಿಕ್ಕಿಯನ್ನು ಮೆಲ್ಲಗೆ ಮುಚ್ಚಿ ಮನೆಯ ಕಡೆ ನಡೆದರು. ಅಂದು "ಆತು" ಎಂಬ ಮಾತು ಇರಲಿಲ್ಲ. ಅದು ಕೇಳಲಿಲ್ಲವೆಂಬುದನ್ನು ರಂಗಿ ಆಗ ಗಮನಿಸಲೂ ಇಲ್ಲ.

ಮತ್ತೆ ಮಂಗಳವಾರ, ಶುಕ್ರವಾರ. ಮೂರು ವಾರ ಸಲೀಸಾಗಿ ಕಳೆಯಿತು. ಗೌಡರ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಜಗಲಿಯ ಮಾತು ಯಾರೂ ಎತ್ತಲಿಲ್ಲ. ಆದರೆ ಅವರಿಗೆ ಎರಡು ಹೊಸ ಚಟಗಳು ಅಂಟಿಕೊಂಡಿದ್ದವು. ಒಂದು, ಹಳೆಯ ಸೀಲೆಯ ಗಂಟೊಂದನ್ನು ಕಾಲಬುಡದಲ್ಲಿ ಇಟ್ಟುಕೊಂಡು ಕೂರುವುದು. ಮಿಷನ್ನಿನಿಂದ ಎದ್ದು ಬಂದ ಮೇಲೆ ಕಾಲಿಗೆ ಚಳಿಯಾಗುತ್ತದೆ ಎನ್ನುತ್ತಿದ್ದರು. ಇನ್ನೊಂದು, ಹೊರಡುವ ಮುಂಚೆ ಗಾಡಿಯನ್ನು ಒಂದು ಸುತ್ತು ಸುತ್ತಿ ಟೈರು ನೋಡಿ ಬರುವುದು. ಟೈರಿನ ಗಾಳಿಯ ಬಗ್ಗೆ ಈ ವಯಸ್ಸಿನಲ್ಲಿ ಇದೆಂಥ ಕಾಳಜಿ ಎಂದು ರಂಗಿ ನಗಾಡಿದಳು. ಕೆಲಸವಿಲ್ಲದ ಮನುಷ್ಯ ಏನಾದರೊಂದು ಮಾಡಿಕೊಳ್ಳಲಿ ಎಂದು ಸುಮ್ಮನಾದಳು.

ನಾಲ್ಕನೆಯ ವಾರದ ಶುಕ್ರವಾರ ಸಂಜೆ ನಾಲ್ಕು ಗಂಟೆ. ಊಟಿಯಿಂದ ಬರುತ್ತಿದ್ದರು. ಹಟ್ಟಿಗೆ ಇನ್ನೊಂದು ತಿರುವು ಇರುವಾಗ ರಸ್ತೆ ಕಡಿದಾಗಿ ಇಳಿಯುತ್ತದೆ. ಇಳಿಜಾರಿನ ಬುಡದಲ್ಲಿ, ತಿರುವಿನ ಒಳಗೆ, ಎಲೆ ತೂಗುವ ಶೆಡ್ಡು. ಅಲ್ಲಿ ಹದಿನೈದಿಪ್ಪತ್ತು ಹೆಂಗಸರು ಎಲೆಯ ಮೂಟೆಗಳಿಗೆ ಒರಗಿ ಕೂತಿದ್ದರು. ಪಕ್ಕದ ಮನೆಯ ಜೀವಿತಾ ತನ್ನ ಅತ್ತೆಯ ಕಣ್ಣಿಗೆ ಊಟಿಯಿಂದ ಔಷಧಿ ತರಲು ಹೇಳಿದ್ದಳು. ಅದನ್ನು ಕೊಟ್ಟು ಬರೋಣವೆಂದು ರಂಗಿ ಶೆಡ್ಡಿಗೆ ಐವತ್ತು ಹೆಜ್ಜೆ ಮೇಲೆ, ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸಿದಳು. ಮುಂದಿನ ಚಕ್ರ ನೀರಿನ ಪೈಪಿಗೆ ಅಗೆದು ಮುಚ್ಚಿದ ತಗ್ಗಿನಲ್ಲಿ ಕೂತಿತು.

ಗೌಡರು ಕಣ್ಣು ಮುಚ್ಚಿದ್ದರು. ಅಂದು ಮಿಷನ್ನಿನ ಮೇಲೆ ಸುಸ್ತಾಗಿತ್ತು. ಪಿಗೆ ತಳ್ಳಿದರೆ ಕೊಕ್ಕೆ ಟಕ್ ಎನ್ನುತ್ತದೆ, ಗಾಡಿ ಒಮ್ಮೆ ಅಲುಗುತ್ತದೆ, ತಲೆ ವಾಲುತ್ತದೆ, ಎಚ್ಚರವಾಗುತ್ತದೆ. ಅವಳು ಹಸುಗೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಕೋಲನ್ನು ಮೆಲ್ಲಗೆ, ಬಹಳ ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಅದು ಒಂದು ಹಲ್ಲು ಮುಂಚೆಯೇ ನಿಂತಿತು. ಮೂತಿ ಕೆಳಕ್ಕೆ, ಗೇರು ರಿವರ್ಸು. ಇಪ್ಪತ್ತೇಳು ವರ್ಷದ ಕೈಗೆ ಅದು ಸರಿಯಾಗಿಯೇ ಕಂಡಿತು. ಇಂಜಿನ್ ಆರಿಸಿದಳು, ಕಾಲು ಎತ್ತಿದಳು. ಗಾಡಿ ತಗ್ಗಿನಲ್ಲಿ ಅಲುಗದೆ ನಿಂತಿತ್ತು. ಔಷಧಿ ಹಿಡಿದು ಇಳಿದು ಹೋದಳು.

ಜೀವಿತಾಳ ಕೈಗೆ ಪೊಟ್ಟಣ ಕೊಟ್ಟು, ದಿನಕ್ಕೆ ಮೂರು ಹನಿ ಎನ್ನುತ್ತಿದ್ದಾಗ ಮೇಲೆ ಕಾರಿನ ಬಾಗಿಲು ಧಡ್ ಎಂದು ಮುಚ್ಚಿದ ಸದ್ದು ಕೇಳಿಸಿತು. ಅಂಬಾಸಡರಿನ ಬಾಗಿಲನ್ನು ಬಡಿದೇ ಮುಚ್ಚಬೇಕು. ರಂಗಿ ತಿರುಗಿ ನೋಡಿದಳು. ಬಿಳಿ ಕಾರು ತಗ್ಗಿನಿಂದ ಎದ್ದು ಮುಂದಕ್ಕೆ ಹೊರಟಿತು.

ಅವಳ ಹಿಂದೆ ಹೆಂಗಸರು ನಗುತ್ತ ಮಾತಾಡುತ್ತಿದ್ದರು. ಮುಂದೆ ಗಂಡ ಒಳಗಿರುವ ಕಾರು. ಅವಳಿಗೆ ಒಂದೇ ಯೋಚನೆ ಬಂತು, ನಾನು ಪಿ ಹಾಕಲಿಲ್ಲ. ಕಾರು ಒಂದು ಗೇಣು ಬಂತು. ಎರಡು ಗೇಣು ಬಂತು. ಆಮೇಲೆ ಮುಂದಿನ ಎಡಗಡೆ ಸ್ವಲ್ಪ ಮೇಲಕ್ಕೆದ್ದ ಹಾಗಾಗಿ, ಹಿಂದಕ್ಕೆ ಕೂತು, ನಿಂತಿತು.

ಆ ಮೊಣಕಾಲಿನಲ್ಲಿ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಬಾಗಿಲು ತೆರೆದು ಮೊದಲು ಬ್ರೇಕು ತುಳಿದಳು. ಕೋಲು ಆರ್‌ನಲ್ಲಿತ್ತು. ಅದನ್ನು ಪಿಗೆ ತಳ್ಳಿದಳು, ಟಕ್ ಎಂದಿತು. ಕಾಲು ಎತ್ತುವ ಧೈರ್ಯ ಸ್ವಲ್ಪ ಹೊತ್ತು ಬರಲಿಲ್ಲ. ಕೊಕ್ಕೆ ಇಲ್ಲದೆ ಗಾಡಿ ನಿಂತದ್ದು ಹೇಗೆ? ಕೆಳಗಿಳಿದು ಬಗ್ಗಿ ನೋಡಿದಳು. ಎಡಗಡೆಯ ಮುಂದಿನ ಚಕ್ರದಡಿಯಲ್ಲಿ, ತಗ್ಗಿನ ಆಚೆ ದಡದ ಮೇಲೆ, ತೆಳು ಅಂಚು ಒಳಕ್ಕೆ ಮಾಡಿ, ನುಣ್ಣನೆಯ ಬೆನ್ನಿನ ಆ ಕಲ್ಲು ಕೂತಿತ್ತು.

ನಂಜಗೌಡರು ಸೀಟಿನಲ್ಲಿ ಎಚ್ಚರವಾಗಿಯೇ ಇದ್ದರು. ಕಾಲಬುಡದ ಸೀಲೆ ಬಿಚ್ಚಿಕೊಂಡು ಬಿದ್ದಿತ್ತು, ಅದರೊಳಗೆ ಏನೂ ಇರಲಿಲ್ಲ. ಕದ್ದು ಸಿಕ್ಕಿಬಿದ್ದವರ ಹಾಗೆ ಅವರು ಹೆಂಡತಿಯ ಮುಖ ನೋಡಿದರು. ಗಾಡಿ ಉರುಳಿದ್ದು ತಮ್ಮ ತಪ್ಪಿನಿಂದಲೇ, ಬಾಗಿಲು ಬಡಿದದ್ದರಿಂದಲೇ ಎಂದು ಅವರು ತಿಳಿದಿದ್ದರು.

"ಇದು ಎಲ್ಲಿಂದ ಬಂತು?"

"ಸಂತೋಷನ ವ್ಯಾನಿನೊಳಗ ಬಂತು," ಎಂದರು ಗೌಡರು. "ಸುರೇಂದ್ರನ್ ಗೋಡೆಗ ಹಾಕಿದ್ದ. ನಾ ಹೇಳಿ ತರಿಸಿದೆ."

ಒಂದೊಂದೇ ಹೊರಬಂತು. ಮೂರು ವಾರದಿಂದಲೂ, ಎಲ್ಲಿ ಗಾಡಿ ನಿಂತರೂ, ರಂಗಿ ಅತ್ತ ಹೋದ ಮೇಲೆ ಅವರು ಇಳಿದು ಕಲ್ಲಿಡುತ್ತಿದ್ದರು. ಅವಳು ಬಂದಾಗ ಟೈರು ನೋಡುವ ನೆವದಲ್ಲಿ ಸುತ್ತಿ ಹೋಗಿ ಎತ್ತಿ ಸೀಲೆಯಲ್ಲಿ ಸುತ್ತುತ್ತಿದ್ದರು. ರಕ್ತ ತೊಳೆಸಿಕೊಂಡು ಬಂದ ಕೈಯಲ್ಲಿ, ನಾಲ್ಕು ಕಿಲೋ ತೂಕದ ಕಲ್ಲು.

"ಏಕ ಹೇಳಲಿಲ್ಲೆ?"

ಗೌಡರು ಸೀಲೆಯನ್ನು ಮಡಚತೊಡಗಿದರು. "ನೀ ಬೇಡ ಅಂದೆಯಲ್ಲ. ಎನಗ ಬೇರೆ ಏನ ಬರುತ್ತದೆ, ರಂಗಿ?"

ರಂಗಿ ರಸ್ತೆಯ ಅಂಚಿನಲ್ಲೇ ಕೂತುಬಿಟ್ಟಳು. ಮೊದಲು ಅಳು ಬಂತು, ಆಮೇಲೆ ನಗು ಬಂತು, ಎರಡೂ ಒಟ್ಟಿಗೆ ಬಂದು ಮೂಗು ಸೋರಿತು. ಅವಳ ಎದೆಯ ಮೇಲಿನ ಭಾರವೆಲ್ಲ ಒಮ್ಮೆಗೇ ಇಳಿದಿತ್ತು. ಕೆಳಗೆ ಶೆಡ್ಡಿನಲ್ಲಿ ಹೆಂಗಸರಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ಮೂಟೆ ತೂಕದ ಕೊಕ್ಕೆಗೆ ಏರಿತ್ತು, ಯಾರೋ ಯಾರನ್ನೋ ಛೇಡಿಸುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಒಂದು ಗೀರೂ ಬೀಳಿಸದ ಡ್ರೈವರು ಎಂಬ ಹೆಸರು ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿತ್ತು. ಅವಳು ಮುಚ್ಚಿಕೊಳ್ಳಲಿಲ್ಲ. ಎದ್ದು, ಗಂಡನ ಕೈ ಹಿಡಿದು ಗಟ್ಟಿಯಾಗಿಯೇ ಹೇಳಿದಳು:

"ತಪ್ಪು ಎನ್ನದು. ನಾ ಪಿ ಹಾಕಲಿಲ್ಲೆ. ಕಲ್ಲ ಇಲ್ಲದೆ ಇದ್ದರೆ ಇವತ್ತು ಯಾರೂ ಇಲ್ಲೆ."

ಗೌಡರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರು ಮಡಚಿದ ಸೀಲೆಯನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಕೂತರು.

ಮಾರನೆಯ ದಿನ ಅವಳೇ ಹೋಗಿ ಸುರೇಂದ್ರನಿಗೆ ಹೇಳಿದಳು. ಅವನು ಅರ್ಧಕ್ಕೇ ಬೆವೆತು ಸ್ಟೂಲಿನ ಮೇಲೆ ಕೂತ. ಕೆಳನಾಡಿನವರು ಪಿ ಮರೆತರೆ ಹ್ಯಾಂಡ್‌ಬ್ರೇಕು ಎಳೆದಿರುತ್ತಾರೆ, ಹೀಗೆ ಗೇರನ್ನೇ ನಂಬಿ ಇಳಿಯುವುದು ನಮ್ಮ ಬೆಟ್ಟದವರು ಮಾತ್ರ ಎಂದ. ಆ ದಿನವೇ ಹ್ಯಾಂಡ್‌ಬ್ರೇಕಿಗೆ ಹೊಸ ಕೇಬಲು ಹಾಕಿದ. ಪಿಗೆ ಬಿದ್ದರೆ ಮಾತ್ರ ಹೊತ್ತುವ ಒಂದು ಹಸಿರು ದೀಪವನ್ನು ಡ್ಯಾಷ್‌ಬೋರ್ಡಿಗೆ ಕೂರಿಸಿದ. ಕಲ್ಲಿನ ಬಗ್ಗೆ ಅವನು ತಮಾಷೆ ಮಾಡಲಿಲ್ಲ. ಡಿಕ್ಕಿಯಲ್ಲಿ ಅದಕ್ಕೊಂದು ರಬ್ಬರಿನ ಹಾಸು ಕತ್ತರಿಸಿ ಹಾಕಿಕೊಟ್ಟ.

ಮಂಗಳವಾರ ಊಟಿಯ ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಂತಿತು. ಸಿಮೆಂಟು ಹಾಕಿದ ಅಂಗಳ, ಗೋಲಿ ಇಟ್ಟರೂ ಉರುಳದಷ್ಟು ಸಮ. ರಂಗಿ ಕೋಲನ್ನು ಪಿಗೆ ತಳ್ಳಿದಳು, ಹಸಿರು ದೀಪ ಹೊತ್ತಿತು. ಹ್ಯಾಂಡ್‌ಬ್ರೇಕು ಎಳೆದಳು, ಇಂಜಿನ್ ಆರಿಸಿದಳು. ಗೌಡರು ಅವಳು ಇಳಿಯಲೆಂದು ಕಾದರು. ಅವಳು ಇಳಿಯಲಿಲ್ಲ. ಬಲಗಾಲು ಬ್ರೇಕಿನ ಮೇಲೆಯೇ ಇತ್ತು.

ಹೊತ್ತಾಗುತ್ತದೆ, ಏನು ನೋಡುತ್ತಿ ಎಂದು ಗೌಡರು ಕೇಳಿದರು.

"ಕಲ್ಲ ಇಟ್ಟಿಲ್ಲೆ," ಎಂದಳು ರಂಗಿ.

ಗೌಡರು ಸಮನಾದ ನೆಲವನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬಾಗಿಲು ತೆರೆದು ಇಳಿದರು. ಡಿಕ್ಕಿ ತೆರೆದ ಸದ್ದಾಯಿತು. ನಿಧಾನವಾಗಿ ನಡೆದು ಬಂದು, ಬಗ್ಗಿ, ಕಲ್ಲನ್ನು ಚಕ್ರಕ್ಕೆ ಒತ್ತಿಟ್ಟು, ಎದ್ದು ನಿಂತು ಉಸಿರು ತೆಗೆದುಕೊಂಡರು. ಟೋಕನ್ನಿನ ಸಾಲಿನಲ್ಲಿದ್ದ ನಾಲ್ಕು ಜನ ಈ ಮುದುಕನಿಗೆ ಏನಾಗಿದೆ ಎಂದು ತಿರುಗಿ ನೋಡಿದರು. ಅವರು ಬಾನೆಟ್ಟನ್ನು ಒಮ್ಮೆ ತಟ್ಟಿದರು.

"ಆತು."

ರಂಗಿ ಬ್ರೇಕಿನಿಂದ ಕಾಲು ಎತ್ತಿದಳು.